ಮೂರನೇ ಕಾಯಿಲ್

ಕೆಂಪು 'ಎಲ್' ಬರೆದ ನನ್ನ ಗಾಡಿಗೆ ಹನ್ನೊಂದು ವರ್ಷ.
ಎಂಥೆಂಥ ಕಾಲು ತುಳದಾವ ಇದರ ಕ್ಲಚ್ಚು!
ದಾಲ್ ಮಿಲ್ಲಿನ ಮುನೀಮರ ಧೂಳುಗಾಲು,
ಹೊಸಾ ಅಳಿಯನ ಬೂಟುಗಾಲು,
ಅವ್ವಗ ಹೇಳದೆ ಬರೋ ತಬಸ್ಸುಮಳ ಮದರಂಗಿ ಕಾಲು.
ಎಲ್ಲಾರಿಗೂ ನಂದು ಒಂದೇ ಮಂತ್ರ:
ಸಾವಕಾಶ ಬಿಡ್ರಿ. ಸಾವಕಾಶ.

ನೀಲಗಂಗಾ ಸಿಸ್ಟರಿಗೂ ಅದನ್ನೇ
ನಾಕು ದಿನ ಅಂದೆ. ಐದನೇ ದಿನ ಒದರಿದೆ.
ಜೇವರ್ಗಿ ದವಾಖಾನಿಯಿಂದ ರಿಟೈರಾಗಿ ಬಂದವರು,
ಅರವತ್ತೊಂದು ವಯಸ್ಸು, ಕಾಟನ್ ಸೀರಿ,
ಸ್ಟೇರಿಂಗ್ ಹಿಡಿದ ಕೈ ಬೆವತು ಜಾರ್ತಿದ್ದವು.
ಪಟೇಲ್ ಸರ್ಕಲ್ಲಿನ್ಯಾಗ ಗಾಡಿ ಬಿಕ್ಕಿತು, ಕುಂಟಿತು, ನಿಂತೇಬಿಡ್ತು.
ಹಿಂದ ಆಟೋದವರ ಹಾರ್ನು.
"ನಿಮ್ಮ ಕಾಲಿಗೆ ಬುದ್ಧಿ ಹೇಳ್ರಿ" ಅಂದೆ ನಾನು.
ಅವರು ಕನ್ನಡ್ಕ ಒರೆಸಿಕೊಂಡ್ರು. ಮಾತಾಡ್ಲಿಲ್ಲ.

ಶನಿವಾರ ರಾತ್ರಿ ರಿಂಗ್ ರೋಡಿಗೆ ಒಬ್ಬನೇ ಹೊಂಟಾಗ
ಇಪ್ಪತ್ತಾರು ವರ್ಷ ಪಳಗಿದ ನನ್ನ ಕಾಲ ಕೆಳಗೂ ಬಿಕ್ಕಿತು.
ಮನಿಗೆ ಬಂದು ಬಾನೆಟ್ ಎತ್ತಿ, ಇಂಜಿನ್ ಚಾಲೂ ಇಟ್ಟೇ
ಒಂದನೇ ಕಾಯಿಲಿನ ಕನೆಕ್ಟರ್ ಕಿತ್ತೆ: ನಡುಗಿತು.
ಹೊಳ್ಳಿ ಹಾಕಿ ಎರಡನೇದು: ನಡುಗಿತು.
ನಾಕನೇದು: ಸಾಯ್ಲಿಕತ್ತಿತ್ತು.
ಮೂರನೇದು ಕಿತ್ತೆ.

ಏನೂ ಆಗಲಿಲ್ಲ.
ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ,
ಮನ್ಯಾಗ ಕುಂತು ಪಗಾರ ತಗೊಳ್ಳೋ ನೌಕರನಂಗ.

ಐತವಾರ, ಬಿಸಿಲು ಗ್ವಾಡಿ ಇಳಿಯೂಕಿಂತ ಮೊದಲು
ಅಂಗಳದ ಶಹಾಬಾದ್ ಕಲ್ಲಿನ ಮ್ಯಾಲ ಹಳೇ ಲುಂಗಿ ಹಾಸಿ
ಪಾನಾ ಪಕ್ಕಡ ಹರವಿದೆ. ಬ್ಯಾಟರಿಯ ಮೈನಸ್ ಬಿಚ್ಚಿದೆ.
ಹತ್ತು ನಂಬರಿನ ಬೋಲ್ಟು. ಕಾಯಿಲ್ ಹಿಡಿದು ಜರಾ ತಿರುವಿ ಎಳದ್ರ
ಪುಚ್ ಅಂತ ಬಂತು, ನೆಲದಿಂದ ಗಜ್ಜರಿ ಕಿತ್ತಂಗ.
ರಬ್ಬರಿನ ಮ್ಯಾಲ ಕೂದಲೆಳಿಯಷ್ಟು ಸೀಳು.
ಕಿಡಿ ಅದರಾಗಿಂದ ಅಡ್ಡಹಾದಿ ಹಿಡಿದು
ಕಬ್ಬಿಣಕ್ಕ ಹೋಗಿ ಬೂದಿ ಗೆರಿ ಬರದಿತ್ತು.

ಸೈಕಲ್ ಪಂಪಿನಿಂದ ಕುಣಿಯೊಳಗಿನ ಕಸ ಹಾರಿಸಿದೆ:
ಕರಿಮಣ್ಣು, ತೊಗರಿ ಹೊಟ್ಟು, ಒಂದು ಸತ್ತ ಇರವಿ.
ಪ್ಲಗ್ಗು ನಾಕೂ ಹೊರಗ. ಮೂರು ಬಾದಾಮಿ ಬಣ್ಣ.
ಒಂದು ಹಸಿ ಹಸಿ, ಪೆಟ್ರೋಲ್ ನಾರ್ತಿತ್ತು,
ಅತ್ತು ಅತ್ತು ಸುಮ್ಮನಾದ ಹುಡುಗನ ಮೂಗಿನಂಗ.

ಹೊಸಾವನ್ನ ರಬ್ಬರ್ ಪೈಪಿನ ತುಂಡಿಗೆ ಸಿಗಸಿ ಇಳಿಸಿ
ಬರೀ ಬಟ್ಟಿನಿಂದ ತಿರುವಿದೆ.
ಹಲ್ಲು ತಪ್ಪಿ ಕುಂತಿತಂದ್ರ ಹೆಡ್ಡೇ ಹಾಳು.
ಸಾವಕಾಶ, ಸಾವಕಾಶ.
ಈ ಸಲ ನನಗ ನಾನೇ ಹೇಳ್ಕೊಂಡೆ.
ಕಾಯಿಲಿಗೆ ಹದಿನೇಳು ನೂರು, ಉದ್ರಿ.
ಟಕ್ ಅಂತ ಕುಂತಿತು. ಚಾವಿ ತಿರುವಿದೆ.
ಡ್ಯಾಷಿನ ಮ್ಯಾಲಿಟ್ಟ ಚಾ ಕಪ್ಪಿನ್ಯಾಗ ಒಂದು ತೆರಿನೂ ಏಳಲಿಲ್ಲ.

ಆಗ ನೆನಪಾಗಲಿಕತ್ತರು.
ದೀಪಾವಳಿಯಿಂದ ಈಚಿಗೆ ಯಾರ್ಯಾರಿಗೆ ಬೈದೀನಿ?
ಟೆಸ್ಟಿನ್ಯಾಗ ಫೇಲಾಗಿ ಹೋದ ಆ ಚಿಂಚೋಳಿ ಹುಡುಗ...
ಅವನ ನಂಬರ್ ಈಗ ಹತ್ತಂಗಿಲ್ಲ.

ಸೋಮವಾರ ಸಿಸ್ಟರ್ ಬಂದ್ರು. ಹಳೇ ಕಾಯಿಲ್ ಕೈಗೆ ಕೊಟ್ಟೆ.
"ತಪ್ಪು ನಿಮ್ಮದಲ್ರಿ. ಇದರದು. ನಂದೂ."
ಅವರು ಅದನ್ನ ಬೆಳಕಿಗೆ ಹಿಡಿದು ಹೊಳ್ಳಿಸಿ ನೋಡಿದ್ರು,
ಹೊಕ್ಕಳಬಳ್ಳಿ ನೋಡೋರಂಗ.
"ಮೊದಲನೇ ದಿನನೇ ಕೇಳಿಸಿತ್ತು, ಸರ್.
ಮೂವತ್ನಾಕು ವರ್ಷ ಬಸುರಿ ಹೊಟ್ಟಿಗೆ ಕಟಗಿ ತುತ್ತೂರಿ ಹಚ್ಚಿ
ಕಿವಿ ಇಟ್ಟು ಎಣಿಸೀನಿ.
ನಾಕರಾಗ ಒಂದು ಬಡಿತ ತಪ್ಪತಿತ್ತು."
"ಮತ್ತ ಹೇಳಬಾರದಾ?"
"ನೀವು ಮಾಸ್ತರು. ಒದರಲಿಕತ್ತಿದ್ರಿ.
ನನ್ನ ಕಿವೀನೂ ರಿಟೈರ್ ಆಗ್ಯಾವ ಅಂತ ತಿಳ್ಕೊಂಡೆ."

ಗಾಡಿ ಹೊಂಟಿತು. ಪಟೇಲ್ ಸರ್ಕಲ್ಲಿನ್ಯಾಗ
ನಾ ಬಾಯಿ ತೆಗಿಯೂಕಿಂತ ಮೊದಲೇ ಎರಡನೇ ಗೇರ್ ಬಿತ್ತು.
ನನ್ನ ಬಾಜುವಿನ ಬ್ರೇಕಿನಿಂದ ಕಾಲು ತೆಗೆದು
ಮ್ಯಾಟಿನ ಮ್ಯಾಲ ಇಟ್ಟೆ.
ಸಿಸ್ಟರ್ ಹೆಬ್ಬಟ್ಟು ಸ್ಟೇರಿಂಗಿನ ಮ್ಯಾಲ
ಏನೋ ಎಣಿಸಲಿಕತ್ತಿತ್ತು.